ಬದುವಿನ ಹುಲ್ಲಿಗೆ ಪೆಟ್ರೋಲ್ ಯಂತ್ರ

ಪ್ರಶ್ನೆ: ಹೆಗಲಿಗೆ ತೂಗುಹಾಕಿಕೊಂಡು ಹುಲ್ಲು ಕೊಚ್ಚುವ ಪೆಟ್ರೋಲ್ ಯಂತ್ರದಲ್ಲಿ ನಿಜವಾದ ಅಪಾಯ ಯಾವುದು?

ಉತ್ತರ: ಅಲಗು ಕಾಲಿಗೆ ತಾಗೀತೆಂದೇ ಎಲ್ಲರ ಭಯ. ಆದರೆ ಅದಕ್ಕಿಂತ ಕಳ್ಳ ವೈರಿ ಹಾರುವ ಕಲ್ಲು. ನಿಮಿಷಕ್ಕೆ ಹಲವು ಸಾವಿರ ಸುತ್ತು ತಿರುಗುವ ಅಲಗಿಗೆ ಸಿಕ್ಕ ಹರಳು ಕವಣೆಕಲ್ಲಿನಂತೆ ಚಿಮ್ಮುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಗದ್ದೆಬದುಗಳು ಮೆತ್ತಗಿರುತ್ತವೆ, ಅಲ್ಲಿ ಕಾಲು ಜಾರದಂತೆ ನೋಡಿಕೊಂಡರಾಯಿತು. ಕುಷ್ಟಗಿ, ಯಲಬುರ್ಗಾ ಕಡೆಯ ಕಲ್ಲು-ಹರಳಿನ ಮಸಾರಿ ಹೊಲಗಳ ಕಥೆ ಬೇರೆ. ಯಂತ್ರ ಚಾಲೂ ಮಾಡುವ ಮೊದಲೇ ಬದುವಿನ ಕಲ್ಲು, ತಂತಿ ಆರಿಸಿಬಿಡಬೇಕು. ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು. ದನಕರುಗಳಿಗೂ ಇದೇ ಮಾತು. ಕಣ್ಣಿಗೆ ರಕ್ಷಣಾ ಕನ್ನಡಕ, ಕಾಲಿಗೆ ಗಟ್ಟಿ ಬೂಟು ಬೇಕೇ ಬೇಕು. ಲುಂಗಿ ಉಟ್ಟು, ಹವಾಯಿ ಚಪ್ಪಲಿ ಮೆಟ್ಟಿ ಹುಲ್ಲು ಕೊಚ್ಚುವ ಶೂರರಿಗೆ ನಮ್ಮಲ್ಲೇನೂ ಬರವಿಲ್ಲ!

ಇಂತಹ ಯಂತ್ರಗಳಲ್ಲಿ ಹೆಚ್ಚಿನವು ಟೂ ಸ್ಟ್ರೋಕ್. ಅವಕ್ಕೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಅಳತೆ ಕೈಪಿಡಿಯಲ್ಲಿರುತ್ತದೆ. ಆಯಿಲ್ ಮರೆತರೆ ಪಿಸ್ಟನ್ ಜಾಮ್ ಆಗುತ್ತದೆ.

ಕಾದ ಇಂಜಿನ್‌ಗೆ ಪೆಟ್ರೋಲ್ ಸುರಿಯಬೇಡಿ, ಆರಲು ಬಿಡಿ. ಅಲಗಿಗೆ ಹುಲ್ಲು ಸುತ್ತಿಕೊಂಡರೆ ಇಂಜಿನ್ ಆಫ್ ಮಾಡಿ, ಅಲಗು ಪೂರ್ತಿ ನಿಂತಮೇಲೆ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು, ಆಮೇಲಷ್ಟೇ ಕೈ ಹಾಕಿ.