ಎರಡು ಫ್ರೀ ಥ್ರೋ ತಪ್ಪಿದರೆ ಆಟ ಬಿಡಬೇಕಾ?

ಲಕ್ಷ್ಮೇಶ್ವರದಿಂದ ಮಾತಾಡ್ತಿದ್ದೇನೆ. ಕ್ರಿಕೆಟ್, ಕಬಡ್ಡಿ ಬಿಟ್ಟು ಇವತ್ತು ಬಾಸ್ಕೆಟ್‌ಬಾಲ್ ಯಾಕೆ ಅಂತೀರೇನು? ಕಾರಣ ನಮ್ಮ ಓಣಿಯ ಒಬ್ಬ ಹುಡುಗಿ. ಡಿಗ್ರಿ ಎರಡನೇ ವರ್ಷ. ಹೋದ ತಿಂಗಳು ಸಿಕ್ಕಾಗ, "ಅಣ್ಣಾ, ಮುಂದಿನ ವರ್ಷ ನಾ ಟೀಮಿಗೆ ಹೆಸರು ಕೊಡಂಗಿಲ್ಲ" ಅಂದಳು. ಇಂಟರ್ ಕಾಲೇಜ್ ಮ್ಯಾಚಿನ ಕೊನೇ ನಿಮಿಷದಲ್ಲಿ ಎರಡು ಫ್ರೀ ಥ್ರೋ ಸಿಕ್ಕಿದ್ದವು. ಎರಡೂ ರಿಂಗಿಗೆ ಬಡಿದು ಹೊರಗೆ. ಒಂದು ಪಾಯಿಂಟಿನಿಂದ ಸೋಲು. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಅವಳ ಜೊತೆ ಮಾತಾಡಲಿಲ್ಲವಂತೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. ಪ್ರಾಕ್ಟೀಸಿನಲ್ಲಿ ಹತ್ತು ಎಸೆದರೆ ಎಷ್ಟು ಬೀಳ್ತಾವು? "ಆರು" ಅಂದಳು.

ಬಿ.ಕಾಂ. ಓದಿದವನ ಚಟ, ಅಲ್ಲೇ ಲೆಕ್ಕ ಹಾಕಿದೆ. ಹತ್ತಕ್ಕೆ ಆರು ಬೀಳುತ್ತವೆ ಅಂದರೆ ನಾಲ್ಕು ತಪ್ಪುತ್ತವೆ. ಒಂದು ಎಸೆತಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ ಅಂತ ಇಟ್ಟುಕೊಂಡರೆ, ಎರಡೂ ತಪ್ಪುವ ಸಾಧ್ಯತೆ ನೂರಕ್ಕೆ 16. ಹೆಚ್ಚುಕಡಿಮೆ ಆರು ಸಲಕ್ಕೆ ಒಂದು ಸಲ. ಹತ್ತಕ್ಕೆ ಏಳು ಹಾಕುವವರಿಗೂ ನೂರಕ್ಕೆ 9 ಸಲ ಹೀಗೇ ಆಗುತ್ತದೆ. ಅವಳು ಕೆಟ್ಟ ಆಟಗಾರ್ತಿ ಅಂತ ಆ ಎರಡು ಎಸೆತ ಹೇಳೋದಿಲ್ಲ. ಒಂದು ದಿನದ ವ್ಯಾಪಾರ ನೋಡಿ ಯಾರಾದರೂ ಅಂಗಡಿ ಮುಚ್ಚುತ್ತಾರೇನ್ರಿ?

ಆದರೆ ನಮ್ಮ ಕಡೆ ಕಾಲೇಜ್ ಹುಡುಗರಿಗೆ ಸಿಗೋದೇ ಒಂದು ದಿನದ ವ್ಯಾಪಾರ. ಟೂರ್ನಿ ನಾಕೌಟ್ ಆಗಿದ್ದರೆ ಬೆಳಿಗ್ಗೆ ಸೋತವರಿಗೆ ಮಧ್ಯಾಹ್ನ ಊರಿನ ಬಸ್ಸು. ವರ್ಷಕ್ಕೆ ಒಂದೋ ಎರಡೋ ಮ್ಯಾಚ್. ಅದರ ಮೇಲೆ 'ಇವಳಿಗೆ ಧೈರ್ಯ ಇಲ್ಲ' ಅನ್ನೋ ಹಣೆಪಟ್ಟಿ ಮೂರು ವರ್ಷ ಉಳಿಯುತ್ತದೆ. ಮ್ಯಾಚುಗಳು ಲೆಕ್ಕ ಕೊಡದಿದ್ದರೆ ಲೆಕ್ಕವನ್ನು ಪ್ರಾಕ್ಟೀಸಿನಲ್ಲೇ ಹುಟ್ಟಿಸಬೇಕು.

ಅದಕ್ಕೆ ಫ್ರೀ ಥ್ರೋದಷ್ಟು ಅನುಕೂಲದ್ದು ಬೇರೆ ಇಲ್ಲ. ಬೋರ್ಡಿನಿಂದ ಗೆರೆ 4.6 ಮೀಟರ್ ದೂರ, ರಿಂಗ್ 3.05 ಮೀಟರ್ ಎತ್ತರ, ರಿಂಗಿನ ಅಗಲ 45 ಸೆಂಟಿಮೀಟರ್. ಚೆಂಡು ಅದರ ಅರ್ಧಕ್ಕಿಂತ ಸ್ವಲ್ಪ ದೊಡ್ಡದು. ಎಸೆಯಲು 5 ಸೆಕೆಂಡ್. ಯಾರೂ ಕೈ ಅಡ್ಡ ತರುವಂತಿಲ್ಲ. ಅಡ್ಡ ಬರೋದು ನಮ್ಮ ತಲೆ ಮಾತ್ರ.

ತಲೆ ಹೇಗೆ ಅಡ್ಡ ಬರುತ್ತದೆ ಅನ್ನೋದಕ್ಕೆ ಅಮೆರಿಕದ ವಿಲ್ಟ್ ಚೇಂಬರ್ಲಿನ್ ಕತೆ ಕೇಳಿ. 1962ರ ಮಾರ್ಚ್ 2ರಂದು ಒಂದೇ ಮ್ಯಾಚಿನಲ್ಲಿ 100 ಪಾಯಿಂಟ್ ಹೊಡೆದ. ಆವತ್ತು 32 ಫ್ರೀ ಥ್ರೋದಲ್ಲಿ 28 ಹಾಕಿದ, ಅದೂ ಎರಡೂ ಕೈಯಲ್ಲಿ ಕೆಳಗಿನಿಂದ ಎತ್ತಿ ಹಾಕುವ ಶೈಲಿಯಲ್ಲಿ. ಅದರಿಂದ ಲಾಭ ಇದೆ ಅಂತ ಗೊತ್ತಿದ್ದೂ ಆಮೇಲೆ ಬಿಟ್ಟುಬಿಟ್ಟ. ಹಾಗೆ ಎಸೆಯಲು ನಾಚಿಕೆ ಆಗುತ್ತಿತ್ತು ಅಂತ ತಾನೇ ಒಪ್ಪಿಕೊಂಡಿದ್ದಾನೆ. ಇಡೀ ವೃತ್ತಿಜೀವನದ ಲೆಕ್ಕ ಕೊನೆಗೆ ನೂರಕ್ಕೆ 51. ಏಳಡಿ ಎತ್ತರದವನಿಗೇ 'ಮಂದಿ ನಕ್ಕಾರು' ಅನ್ನೋ ಅಂಜಿಕೆ! ನಮ್ಮ ಹುಡುಗಿಯರ ಪಾಡು ಕೇಳಬೇಕೇ, ಕೋರ್ಟಿನ ಸುತ್ತ ಕಾಂಪೌಂಡ್ ಮೇಲೆ ಕೂತವರೆಲ್ಲ ಕೋಚ್‌ಗಳೇ.

'ನಿನ್ನಿಂದ ಆಗ್ತದ, ಧೈರ್ಯ ಮಾಡು' ಅಂತ ಬೆನ್ನು ತಟ್ಟಿದರೆ ಸಾಲದಾ? ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಬೇರೆಯವರ ಮಾತೂ ಕೆಲಸ ಮಾಡುತ್ತದೆ, ಆದರೆ ಎಲ್ಲಕ್ಕಿಂತ ಗಟ್ಟಿಯಾದದ್ದು ತಾನೇ ಮಾಡಿ ಗೆದ್ದ ಅನುಭವ. ಅಂದರೆ ಮೊದಲು ಧೈರ್ಯ, ಆಮೇಲೆ ಆಟ ಅನ್ನೋ ಕ್ರಮ ತಿರುವುಮುರುವು. ಗದಗಿನ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿಗೆ 6 ರನ್ ಕೊಟ್ಟು 5 ವಿಕೆಟ್ ತಗೊಂಡಿದ್ದು ನಮಗೆಲ್ಲ ಬಾಯಿಪಾಠ. ಹುಡುಗನಾಗಿದ್ದಾಗ ಪ್ರಾಕ್ಟೀಸಿಗೆ ಅಂತ ಹುಬ್ಬಳ್ಳಿಗೆ ಹೋಗಿ, ವಾಪಸ್ ಬಂದು ಶಾಲೆಗೆ ಹೋಗುತ್ತಿದ್ದ ದಿನಗಳನ್ನು ಯಾರೂ ಎಣಿಸಲಿಲ್ಲ.

ಹಾಗಾಗಿ ಅವಳಿಗೆ ಎಣಿಸು ಅಂದೆ. ದಿನಾ 20 ಎಸೆತ. ಒಂದೇ ಸಮ ಇಪ್ಪತ್ತಲ್ಲ, ಎರಡೆರಡು. ಮ್ಯಾಚಿನಲ್ಲಿ ಸಿಗೋದು ಹೆಚ್ಚಾಗಿ ಎರಡೇ ತಾನೆ? ಪ್ರತಿ ಜೋಡಿಗೆ ಮುಂಚೆ ಕೋರ್ಟ್ ಒಂದು ಸಲ ಓಡಿ ಬರಬೇಕು, ಏದುಸಿರು ಇರಬೇಕು. ಗೆರೆಗೆ ಬಂದ ಮೇಲೆ ಪ್ರತಿ ಸಲ ಒಂದೇ ಪದ್ಧತಿ: ಎರಡು ಸಲ ಚೆಂಡು ಪುಟಿಸು, ಉಸಿರು ಬಿಡು, ರಿಂಗ್ ನೋಡು, ಎಸೆ. ಬಿದ್ದದ್ದೆಷ್ಟು, ನೋಟ್‌ಬುಕ್ಕಿನಲ್ಲಿ ಬರೆ. ಕಡಿಮೆ ಬಿದ್ದ ದಿನವನ್ನೂ ಬರೆಯಬೇಕು, ಇಲ್ಲಿ ಕಳ್ಳಲೆಕ್ಕ ನಡೆಯಲ್ಲ. ಕಾಲೇಜ್ ಬಿಟ್ಟ ಮೇಲೆ ಕತ್ತಲಾಗೋದರೊಳಗೆ ಮನೆ ಸೇರಬೇಕಾದವರಿಗೂ ಇಷ್ಟು ಸಮಯ ಸಿಗುತ್ತದೆ.

ಪಿ.ಡಿ. ಸರ್‌ಗಳಿಗೂ ಒಂದು ಮಾತು. ತಪ್ಪಿದ ತಕ್ಷಣ ಹೊರಗೆ ಕರೆದು ಬೈದರೆ ಆಟಗಾರ ಕಲಿಯೋದು ಒಂದೇ, ಚೆಂಡು ಕೇಳಬಾರದು ಅನ್ನೋದು. ಅದರ ಬದಲು 'ಹಿಂದಕ್ಕ ಓಡು, ಡಿಫೆನ್ಸ್ ನೋಡು' ಅಂತ ಮುಂದಿನ ಕೆಲಸ ಕೊಡಿ.

ಮೊದಲ ವಾರದ ಲೆಕ್ಕ ವಾಟ್ಸಾಪಿನಲ್ಲಿ ಬಂತು: 12, 9, 14, 11, 8, 13. ಒಟ್ಟು 120ಕ್ಕೆ 67. ಅವಳು ಹೇಳಿದ ಹತ್ತಕ್ಕೆ ಆರಕ್ಕಿಂತ ಸ್ವಲ್ಪ ಕಡಿಮೆ. ಎರಡೂ ತಪ್ಪುವ ಲೆಕ್ಕ ಈಗ ಐದು ಸಲಕ್ಕೆ ಒಂದಾಯ್ತು. ಅವಳಿಗೆ ಬೇಜಾರಾಗಬಹುದು ಅಂದುಕೊಂಡಿದ್ದೆ. "8 ಬಿದ್ದ ದಿನ ಚೆಂಡಿಗೆ ಗಾಳಿ ಕಮ್ಮಿ ಇತ್ತಣ್ಣ" ಅಂತ ಮೆಸೇಜ್ ಹಾಕಿದಳು. ಟೀಮಿಗೆ ಹೆಸರು ಕೊಡೋ ವಿಷಯ ನಾನು ಇನ್ನೂ ಕೇಳಿಲ್ಲ.