ಉಮ್ಮನ ಖರ್ಜೂರ, ಮಗನ ರೆಗ್ಯುಲೇಟರ್: 30 ಕಿಲೋದ ಲೆಕ್ಕಾಚಾರ

ಗಲ್ಫಿನಿಂದ ಬರುವವರ ಪೆಟ್ಟಿ ಅಂದ್ರೆ ನಮ್ಮ ಮನೆಗಳಲ್ಲಿ ಅದಕ್ಕೊಂದು ಚರಿತ್ರೆಯೇ ಇದೆ. ಹಗ್ಗ ಬಿಗಿದ ರಟ್ಟಿನ ಪೆಟ್ಟಿ, ಅದರ ಮೇಲೆ ಮಾರ್ಕರಿನಲ್ಲಿ ಬರೆದ ಹೆಸರು, ಊರು. ಒಳಗೆ ಹಾಲಿನ ಹುಡಿ, ಖರ್ಜೂರ, ಅತ್ತರು, ಕಂಬಳಿ. ಈಗ ಪೆಟ್ಟಿ ಹೋಗಿ ಟ್ರಾಲಿ ಬಂದಿದೆ. ಕೆಲವು ಹುಡುಗರ ಟ್ರಾಲಿಯಲ್ಲಿ ಹೊಸದೊಂದು ಸಾಮಾನೂ ಸೇರಿಕೊಂಡಿದೆ. ಅದು ಕಡಲಿನಡಿ ಮುಳುಗುವ ಸ್ಕೂಬಾ ಸಾಮಾನು.

ಫುಜೈರಾ, ಖೋರ್‌ಫಕ್ಕಾನ್, ಮಸ್ಕತ್ ಬಳಿಯ ದೈಮಾನಿಯತ್ ದ್ವೀಪಗಳು, ಜಿದ್ದಾದ ಕೆಂಪು ಸಮುದ್ರ, ಎಲ್ಲವೂ ಡೈವಿಂಗಿಗೆ ಹೆಸರಾದ ಜಾಗಗಳು. ಬಹರೈನಿನಲ್ಲಂತೂ 2019ರಲ್ಲಿ ಒಂದು ಹಳೆಯ ಬೋಯಿಂಗ್ 747 ವಿಮಾನವನ್ನೇ ಕಡಲಿಗಿಳಿಸಿ ಡೈವಿಂಗ್ ತಾಣ ಮಾಡಿದ್ದಾರೆ. ರಜೆಯ ದಿನ ಅಲ್ಲಿ ಮುಳುಗಲು ಕಲಿತವರಿಗೆ ಊರಿಗೆ ಬಂದಾಗ ಮುರುಡೇಶ್ವರದ ನೇತ್ರಾಣಿ ಕರೆಯುತ್ತದೆ. ಮಂಗಳೂರಿನಿಂದ ಹೆದ್ದಾರಿಯಲ್ಲಿ ಸುಮಾರು 150 ಕಿಲೋಮೀಟರ್, ಅಲ್ಲಿಂದ ಮುಂದೆ ದೋಣಿ. ಮಳೆಗಾಲದಲ್ಲಿ ಅದು ಬಂದ್.

ನಮ್ಮ ನೆರೆಮನೆಯ ಹುಡುಗನೊಬ್ಬ ಹೋದ ವರ್ಷ ಹೀಗೇ ಬಂದ. ಡೈವಿಂಗಿಗೆಂದೇ ದೊಡ್ಡದೊಂದು ಗಟ್ಟಿ ಕವಚದ ಟ್ರಾಲಿ ಖರೀದಿಸಿದ್ದ. ಕೌಂಟರಿನ ತಕ್ಕಡಿ 36 ಕಿಲೋ ತೋರಿಸಿತು. ಟಿಕೆಟಿನಲ್ಲಿ ಇದ್ದದ್ದು 30. ನೆಲದ ಮೇಲೆ ಕೂತು ಟ್ರಾಲಿ ಬಿಚ್ಚಿದ. ಉಮ್ಮನಿಗೆಂದು ತಂದ ಖರ್ಜೂರ, ತಂಗಿಯ ಮಕ್ಕಳ ಚಾಕಲೇಟನ್ನೆಲ್ಲ ಹ್ಯಾಂಡ್ ಬ್ಯಾಗಿಗೆ ತುರುಕಿದ. ಅಲ್ಲಿದ್ದ ರೆಗ್ಯುಲೇಟರನ್ನು, ಕಬ್ಬಿಣದ ಸಾಮಾನಲ್ವಾ ಏನೂ ಆಗಲ್ಲ ಅಂತ ಟ್ರಾಲಿಗೆ ಹಾಕಿದ. ಉಳಿದದ್ದಕ್ಕೆ ದುಡ್ಡು ಕಟ್ಟಿದ. ಮಂಗಳೂರಿನಲ್ಲಿ ಇಳಿದರೆ ಟ್ರಾಲಿಯೇ ಬಂದಿಲ್ಲ. ಅದು ಮನೆ ಸೇರಿದ್ದು ಮೂರನೇ ದಿನ. ಅಷ್ಟರಲ್ಲಿ ಸ್ನೇಹಿತರ ದೋಣಿ ನೇತ್ರಾಣಿಗೆ ಹೋಗಿ ಬಂದಾಗಿತ್ತು.

“ಕಾಕಾ, ದುಡ್ಡು ಹೋದದ್ದಕ್ಕಲ್ಲ ಬೇಜಾರು. ಉಸಿರಾಡುವ ಸಾಮಾನನ್ನೇ ಕೈಬಿಟ್ಟೆನಲ್ಲ” ಅಂದ. ಅವನು ಹೇಳಿದ್ದೇ ಈ ಲೇಖನದ ಸಾರ.

ಮೊದಲು ಚೀಲವನ್ನೇ ತೂಗಿ

ಸ್ಕೂಬಾ ಸಾಮಾನಿನ ತೂಕ ಹೆಚ್ಚುಕಡಿಮೆ ಹೀಗಿರುತ್ತದೆ. ಗಾಳಿ ತುಂಬಿಸುವ ಜಾಕೆಟ್ (ಬಿಸಿಡಿ) ಮೂರೂವರೆ ಕಿಲೋ, ರೆಗ್ಯುಲೇಟರ್ ಎರಡೂವರೆ, ಕಾಲಿನ ಫಿನ್ ಎರಡು, ತೆಳು ವೆಟ್‌ಸೂಟ್ ಒಂದೂವರೆ, ಬೂಟು ಒಂದು, ಮಾಸ್ಕ್ ಮತ್ತು ಸ್ನಾರ್ಕೆಲ್ ಅರ್ಧ, ಟಾರ್ಚ್, ಕಂಪ್ಯೂಟರ್, ಚಾಕು ಮುಂತಾದವು ಒಂದು. ಒಟ್ಟು 12 ಕಿಲೋ.

ಗಟ್ಟಿ ಕವಚದ ದೊಡ್ಡ ಟ್ರಾಲಿ ಖಾಲಿಯಿದ್ದಾಗಲೇ 5 ಕಿಲೋ ತೂಗುತ್ತದೆ. ಎಲ್ಲವನ್ನೂ ಅದಕ್ಕೇ ತುಂಬಿದರೆ 17 ಆಯಿತು, ಮನೆಯವರ ಪಾಲಿಗೆ ಉಳಿಯುವುದು 13. ಅದರ ಬದಲು ಎರಡೂವರೆ ಕಿಲೋದ ಮೆತ್ತನೆಯ ಡಫಲ್ ಚೀಲ ತೆಗೆದುಕೊಂಡು, ರೆಗ್ಯುಲೇಟರ್, ಮಾಸ್ಕ್, ಟಾರ್ಚ್, ಕಂಪ್ಯೂಟರನ್ನು ಹ್ಯಾಂಡ್ ಬ್ಯಾಗಿಗೆ ಹಾಕಿದರೆ ಚೆಕ್-ಇನ್‌ನಲ್ಲಿ ಹೋಗುವುದು 11 ಕಿಲೋ ಮಾತ್ರ. ಮನೆಗೆ 19 ಉಳಿಯಿತು. ಆರು ಕಿಲೋ ಅಂದ್ರೆ ಎಷ್ಟು ಖರ್ಜೂರ ಆಗುತ್ತದೆ, ನೀವೇ ಲೆಕ್ಕ ಹಾಕಿ.

ಚೀಲ ವಿಮಾನ ನಿಲ್ದಾಣಕ್ಕೆ ಮಾತ್ರ ಅಲ್ಲ, ಕಾರಿನ ಡಿಕ್ಕಿಗೆ, ದೋಣಿಗೆ ಕೂಡ ಹೋಗಬೇಕು. ಗಟ್ಟಿ ಟ್ರಾಲಿಯನ್ನು ದೋಣಿಯಲ್ಲಿ ಇಡಲು ಜಾಗವಿಲ್ಲ, ಮರಳಿನಲ್ಲಿ ಅದರ ಚಕ್ರ ಓಡುವುದಿಲ್ಲ. ಡಫಲನ್ನಾದರೆ ಮಡಚಿ ಬದಿಗಿಡಬಹುದು. ಕೊಳ್ಳುವಾಗ ಒಳಗಿನ ಉದ್ದ ನೋಡಿ. ಹಿಮ್ಮಡಿ ಪಟ್ಟಿಯ ಫಿನ್‌ಗಳು ಸುಮಾರು 60-65 ಸೆಂ.ಮೀ. ಉದ್ದ ಇರುತ್ತವೆ, ಸಣ್ಣ ಸೂಟ್‌ಕೇಸಿನಲ್ಲಿ ಹಿಡಿಸುವುದಿಲ್ಲ. ಜಿಪ್ ಪ್ಲಾಸ್ಟಿಕ್ಕಿನದೇ ಇರಲಿ, ಲೋಹದ್ದನ್ನು ಉಪ್ಪುನೀರು ತಿನ್ನುತ್ತದೆ.

ಜೋಡಿಸುವ ಕ್ರಮ ಸುಲಭ. ಫಿನ್‌ಗಳು ಎರಡು ಬದಿಗೆ ಗೋಡೆಯ ಹಾಗೆ, ನಡುವೆ ಜಾಕೆಟ್, ಸುತ್ತಲೂ ವೆಟ್‌ಸೂಟಿನ ಮೆತ್ತೆ. ಎಲ್ಲವೂ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿರಬೇಕು. ಒದ್ದೆ ವೆಟ್‌ಸೂಟ್ ತೂಕವನ್ನೂ ಹೆಚ್ಚಿಸುತ್ತದೆ, ವಾಸನೆಯನ್ನೂ ಕಟ್ಟುತ್ತದೆ.

ಕೈಯಲ್ಲಿ ಏನಿರಬೇಕು?

ಹ್ಯಾಂಡ್ ಬ್ಯಾಗಿಗೆ ಸಾಮಾನ್ಯವಾಗಿ 7 ಕಿಲೋ ಮಿತಿ. ಅದರಲ್ಲಿ ಮೊದಲ ಹಕ್ಕು ರೆಗ್ಯುಲೇಟರಿನದು. ನೀರಿನಡಿಯಲ್ಲಿ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವುದು ಅದೇ. ಚೆಕ್-ಇನ್ ಚೀಲವನ್ನು ಎತ್ತಿ ಎಸೆಯುವಾಗ ಅದಕ್ಕೆ ಏಟು ಬಿದ್ದರೆ ಹೊರಗೆ ಗೊತ್ತಾಗದು, 15 ಮೀಟರ್ ಆಳದಲ್ಲಿ ಗೊತ್ತಾಗುತ್ತದೆ. ಧೂಳಿನ ಮುಚ್ಚಳ ಬಿಗಿದು, ಪೈಪುಗಳನ್ನು ಸಡಿಲವಾಗಿ ಸುತ್ತಿಡಿ, ಮಡಚಬೇಡಿ. ಸ್ಕ್ಯಾನಿಂಗಿನಲ್ಲಿ ಈ ಪೈಪುಗಳನ್ನು ನೋಡಿ ಸಿಬ್ಬಂದಿ ಕರೆದರೆ ಗಾಬರಿ ಬೇಡ. ತೆರೆದು ತೋರಿಸಿ, ಡೈವಿಂಗ್ ಕಾರ್ಡ್ ಕೈಗೆ ಸಿಗುವಂತಿರಲಿ.

ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಚೆಕ್-ಇನ್‌ಗೆ ಹಾಕುವಂತೆಯೇ ಇಲ್ಲ. 100 ವ್ಯಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದರೆ ಒಯ್ಯುವಂತಿಲ್ಲ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಈ ಲೆಕ್ಕ ಸಿಗುತ್ತದೆ. ಪ್ರಖರ ಡೈವಿಂಗ್ ಟಾರ್ಚ್ ಅಕಸ್ಮಾತ್ ಹೊತ್ತಿಕೊಂಡರೆ ವಿಪರೀತ ಬಿಸಿಯಾಗುತ್ತದೆ. ಹಾಗಾಗಿ ಬ್ಯಾಟರಿ ಬಿಚ್ಚಿ, ಅದರ ತುದಿಗೆ ಟೇಪ್ ಹಚ್ಚಿ ಬೇರೆ ಇಡಿ, ಕಂಪನಿಗೆ ಮೊದಲೇ ತಿಳಿಸಿ. ಚಾಕು, ಸ್ಪ್ಯಾನರ್ ಮಾತ್ರ ಚೆಕ್-ಇನ್‌ಗೆ.

ಬಿಟ್ಟು ಬರಬೇಕಾದದ್ದು

ಸಿಲಿಂಡರ್ ಮತ್ತು ಸೀಸದ ತೂಕ ಹೊತ್ತು ತರುವ ಯೋಚನೆಯೇ ಬೇಡ. ಸಾಮಾನ್ಯ ಅಲ್ಯುಮಿನಿಯಂ ಸಿಲಿಂಡರ್ ಖಾಲಿಯೇ ಸುಮಾರು 14 ಕಿಲೋ ಇರುತ್ತದೆ. ಎರಡೂ ಡೈವಿಂಗ್ ಕೇಂದ್ರದಲ್ಲೇ ಸಿಗುತ್ತವೆ. ಆದರೆ ಸಿಲಿಂಡರಿನ ವಾಲ್ವ್‌ನಲ್ಲಿ ಯೋಕ್, ಡಿನ್ ಎಂಬ ಎರಡು ಜಾತಿ ಇವೆ. ನಿಮ್ಮ ರೆಗ್ಯುಲೇಟರ್ ಅಲ್ಲಿಯದಕ್ಕೆ ಕೂಡುತ್ತದಾ ಅಂತ ಫೋನ್ ಮಾಡಿ ಕೇಳಿ. ಕೂಡದಿದ್ದರೆ ಒಂದು ಸಣ್ಣ ಅಡಾಪ್ಟರ್ ಸಾಕು.

ಲಕ್ಷದ್ವೀಪಕ್ಕೆ ಹೋಗುವವರು ಇನ್ನೂ ಹಗುರಾಗಬೇಕು. ಇವತ್ತು ಡೈವಿಂಗಿಗೆ ಹೆಸರಾದ ಕದ್ಮತ್ ಸೇರಿದಂತೆ ಅಮಿನಿದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಈಗ ಕೊಚ್ಚಿಯಿಂದ ಅಗತ್ತಿಗೆ ಹಾರುವುದು ಸಣ್ಣ ವಿಮಾನ, ಲಗೇಜು ಮಿತಿಯೂ ಸಣ್ಣದು. ಮಾಸ್ಕ್, ಕಂಪ್ಯೂಟರ್, ರೆಗ್ಯುಲೇಟರ್ ಒಯ್ದು ಉಳಿದದ್ದನ್ನು ಬಾಡಿಗೆಗೆ ಪಡೆಯುವುದೇ ಜಾಣತನ.

ಮೊದಲ ಸಲ ಕುಟುಂಬದೊಂದಿಗೆ ನೀರಿಗಿಳಿದು ನೋಡುವವರು ಏನನ್ನೂ ಕೊಳ್ಳಬೇಕಿಲ್ಲ. ತಲೆ ಮುಚ್ಚಿಕೊಳ್ಳುವ ಹೆಣ್ಣುಮಕ್ಕಳಿಗೆ ಡೈವಿಂಗಿನದೇ ಆದ ರಬ್ಬರಿನ ಹುಡ್ ಸಿಗುತ್ತದೆ. ತೂಕ ಅಷ್ಟಿಲ್ಲ, ಸ್ವಂತದ್ದು ಇಟ್ಟುಕೊಳ್ಳಬಹುದು. ಮಾಸ್ಕಿನ ಅಂಚಿನಡಿಗೆ ಬಟ್ಟೆಯಾಗಲಿ ಹುಡ್ ಆಗಲಿ ಹೋಗಬಾರದು, ಹೋದರೆ ನೀರು ಒಳನುಗ್ಗುತ್ತದೆ.

ಕೊನೆಯ ದಿನ ಮುಳುಗಬೇಡಿ

ಸಾಮಾನಿಗಿಂತ ದೊಡ್ಡ ಮಾತೊಂದು ಉಳಿದಿದೆ. ಡೈವ್ ಮಾಡುವಾಗ ಮೈಯೊಳಗೆ ನೈಟ್ರೋಜನ್ ಸೇರಿಕೊಳ್ಳುತ್ತದೆ. ಅದು ಹೊರಹೋಗುವ ಮೊದಲೇ ವಿಮಾನ ಹತ್ತಿದರೆ, ಅಲ್ಲಿನ ಕಡಿಮೆ ಒತ್ತಡದಲ್ಲಿ ಗುಳ್ಳೆಗಳಾಗಿ ಗಂಟುನೋವು, ಜೋಮು, ಪಾರ್ಶ್ವವಾಯುವರೆಗೂ ಹೋಗಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಬೇಕು ಅನ್ನುತ್ತದೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ. ನಿಲುಗಡೆ ಬೇಕಾಗುವ ಆಳದ ಡೈವ್ ಆದರೆ ಇನ್ನೂ ಹೆಚ್ಚು. ಒಂದಿಡೀ ದಿನ ಬಿಡುವುದು ನೆಮ್ಮದಿ.

ರಜೆಯ ಕೊನೆಯ ದಿನ ನೇತ್ರಾಣಿಗೆ ಹೋಗಿ ರಾತ್ರಿ ವಿಮಾನ ಹತ್ತುವ ಹುಮ್ಮಸ್ಸು ಬೇಡ. ಅಲ್ಲಿಂದ ಬರುವಾಗಲೂ ಅಷ್ಟೇ, ಬೆಳಿಗ್ಗೆ ಮುಳುಗಿ ರಾತ್ರಿ ಊರಿಗೆ ಹಾರುವುದು ಬೇಡ. ಕೊನೆಯ ದಿನ ಸಾಮಾನು ತೊಳೆಯಲು, ಒಣಗಿಸಲು, ಸಂಬಂಧಿಕರಿಗೆ ಸಲಾಂ ಹೇಳಲು ಇರಲಿ.

ಆ ಹುಡುಗ ಈ ಸಲ ಮತ್ತೆ ಬಂದಿದ್ದ. ಹೆಗಲಿಗೊಂದು ಡಫಲ್, ಕೈಚೀಲದಲ್ಲಿ ರೆಗ್ಯುಲೇಟರ್. ಹೊರಡುವ ಮುಂಚೆ ರೂಮಿನಲ್ಲೇ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡಿದ್ದನಂತೆ, 29 ಕಿಲೋ. ಉಮ್ಮ ಖರ್ಜೂರದ ಪ್ಯಾಕೆಟು ಬಿಚ್ಚಿ ನಮ್ಮನೆಗೂ ಒಂದು ಪಾಲು ಕಳಿಸಿಕೊಟ್ಟರು.