‘ಗಿವ್ ಅಪ್’ ಎಂಬ ಇಂಗ್ಲಿಷ್ ಮಾತಿನ ಅರ್ಥವೂ ಪ್ರಯೋಗವೂ

ಇಂಗ್ಲಿಷ್ ಭಾಷೆಯನ್ನು ಕಲಿಯುವ ನಮ್ಮ ಹುಡುಗಿಯರಿಗೆ ದೊಡ್ಡ ದೊಡ್ಡ ಪದಗಳಿಂದ ಅಷ್ಟಾಗಿ ತೊಂದರೆಯಿಲ್ಲ. ಅವು ನಿಘಂಟಿನಲ್ಲಿ ದೊರೆಯುವುವು; ಒಂದು ಸಲ ಬಾಯಿಪಾಠವಾದರೆ ಆಯಿತು. ತೊಡಕೆಲ್ಲಾ ಇರುವುದು ಚಿಕ್ಕ ಮಾತುಗಳಲ್ಲಿ. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ ಎಂಬುದನ್ನು ಐದನೆಯ ತರಗತಿಯ ಬಾಲಿಕೆಯೂ ಬಲ್ಲಳು. ಆದರೆ ಇವೆರಡೂ ಕೂಡಿ ‘ಗಿವ್ ಅಪ್’ ಎಂದಾದೊಡನೆ ಕೊಡುವುದೂ ಕಾಣದು, ಮೇಲೂ ಕಾಣದು. ‘ಬಿಡು’ ಎಂಬ ಮೂರನೆಯ ಅರ್ಥವು ಎಲ್ಲಿಂದಲೋ ಬಂದು ನಿಲ್ಲುವುದು. ಇದನ್ನು ಇಂಗ್ಲಿಷರ ಹುಚ್ಚಾಟವೆಂದು ನಗುವುದಕ್ಕೆ ಮುಂಚೆ ನಮ್ಮ ಮನೆಯ ಮಾತನ್ನು ತುಸು ಗಮನಿಸಬೇಕು. ‘ನೆಂಟನು ಕೈಕೊಟ್ಟನು’ ಎಂಬುದನ್ನು ಕೇಳಿದ ಪರದೇಶದವನು, ಕೈಯನ್ನೇ ಕೊಟ್ಟ ಆ ನೆಂಟನು ಎಂತಹ ಉಪಕಾರಿಯೋ ಎಂದು ಹೊಗಳಿಯಾನು!

ಈ ‘ಅಪ್’ ಎಂಬುದು ಎಲ್ಲೆಡೆಯೂ ‘ಮೇಲೆ’ ಎಂಬ ಅರ್ಥವನ್ನೇ ಕೊಡುವುದಿಲ್ಲ. ಅನೇಕ ಕ್ರಿಯಾಪದಗಳ ಬೆನ್ನಿಗೆ ನಿಂತು, ಕೆಲಸವು ಪೂರ್ತಿಯಾಯಿತು, ಏನೂ ಉಳಿಯಲಿಲ್ಲ ಎಂಬುದನ್ನು ಸೂಚಿಸುವುದು. ‘ಈಟ್’ ಎಂದರೆ ತಿನ್ನು. ‘ಈಟ್ ಅಪ್’ ಎಂದರೆ ತಿಂದುಬಿಡು. ‘ಡ್ರಿಂಕ್ ಅಪ್’ ಎಂದರೆ ಕುಡಿದುಬಿಡು. ‘ಬರ್ನ್ ಅಪ್’ ಎಂದರೆ ಸುಟ್ಟುಬಿಡು. ಇಂಗ್ಲಿಷಿನಲ್ಲಿ ‘ಅಪ್’ ಮಾಡುವ ಕೆಲಸವನ್ನು ಕನ್ನಡದಲ್ಲಿ ‘ಬಿಡು’ ಎಂಬ ಧಾತುವು ಮಾಡುತ್ತಿರುವುದನ್ನು ಜಾಣೆಯಾದ ವಿದ್ಯಾರ್ಥಿನಿಯು ತಾನಾಗಿಯೇ ಕಂಡುಕೊಳ್ಳುವಳು. ಈ ಒಂದು ಸೂತ್ರವು ತಿಳಿದರೆ ಹತ್ತಾರು ಮಾತುಗಳ ಬೀಗವು ತೆರೆಯುವುದು.

ಇನ್ನು ಅರ್ಥದ ವಿಚಾರ. ಇಂಗ್ಲಿಷಿನವರು ‘ಗಿವ್ ಅಪ್’ ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ಕನ್ನಡವು ಎರಡಾಗಿ ಬೇರ್ಪಡಿಸಿಕೊಂಡಿದೆ. ಕಾಫಿಯನ್ನು ‘ಬಿಟ್ಟುಬಿಡುತ್ತೇವೆ’, ಬಸ್ಸಿನಲ್ಲಿ ವೃದ್ಧೆಯೊಬ್ಬಳು ಹತ್ತಿದರೆ ಆಸನವನ್ನು ‘ಬಿಟ್ಟುಕೊಡುತ್ತೇವೆ’. ಬಿಟ್ಟ ವಸ್ತುವು ಮತ್ತೊಬ್ಬರಿಗೆ ಸಲ್ಲುವುದಾದರೆ ‘ಕೊಡು’ ಸೇರುವುದು. ಯಾರಿಗೂ ಸಲ್ಲದೆ ಹೋದರೆ ‘ಬಿಡು’ ಎಂಬುದೇ ಇಮ್ಮಡಿಯಾಗುವುದು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಗಿವ್ ಅಪ್’ ಒಂದೇ. ಕ್ರೈಸ್ತರಲ್ಲಿ ಅನೇಕರು ಲೆಂಟಿನ ನಲವತ್ತು ದಿನಗಳಲ್ಲಿ ತಮಗೆ ಪ್ರಿಯವಾದ ಒಂದು ತಿಂಡಿಯನ್ನೋ ಪಾನವನ್ನೋ ಬಿಡುವರು. ಕಾಶಿಗೆ ಹೋದ ಹಿಂದೂ ಯಾತ್ರಿಕರು ಇಷ್ಟವಾದ ಒಂದು ಹಣ್ಣನ್ನೋ ಕಾಯಿಪಲ್ಯವನ್ನೋ ಅಲ್ಲಿಯೇ ಬಿಟ್ಟು ಬರುವರು. ನಿಮ್ಮ ಅಜ್ಜಿಯು ಹಾಗಲಕಾಯಿಯನ್ನು ಬಿಟ್ಟು ಬಂದಿದ್ದರೆ ಅವರ ವ್ರತದ ವಿಷಯದಲ್ಲಿ ಸ್ವಲ್ಪ ಸಂಶಯಪಡಬಹುದು. ಆದರೆ ವ್ಯಾಕರಣದ ದೃಷ್ಟಿಯಿಂದ ಅದೂ ‘ಗಿವ್ ಅಪ್’ ಎಂಬುದೇ ಸರಿ. 1919ರಲ್ಲಿ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡವನ್ನು ಪ್ರತಿಭಟಿಸಿ ರವೀಂದ್ರನಾಥ ಠಾಕೂರರು ‘ಸರ್’ ಪದವಿಯನ್ನು ಬಿಟ್ಟರು. 1936ರಲ್ಲಿ ಎಂಟನೆಯ ಎಡ್ವರ್ಡನು ತಾನು ಮೆಚ್ಚಿದ ಸ್ತ್ರೀಯನ್ನು ವರಿಸುವುದಕ್ಕಾಗಿ ಇಂಗ್ಲೆಂಡಿನ ಸಿಂಹಾಸನವನ್ನು ಬಿಟ್ಟನು. ಇವೆಲ್ಲಕ್ಕೂ ‘ಗೇವ್ ಅಪ್’ ಎಂದೇ ಬರೆಯತಕ್ಕದ್ದು.

ಪ್ರಯೋಗದಲ್ಲಿ ಹುಡುಗಿಯರು ಎಡವುವ ಸ್ಥಳಗಳು ಮುಖ್ಯವಾಗಿ ಎರಡು. ‘ಶಿ ಗೇವ್ ಅಪ್ ಟು ಲರ್ನ್ ಮ್ಯೂಸಿಕ್’ ಎಂದು ಬರೆಯುವರು. ಇಂಗ್ಲಿಷನ್ನು ಬಲ್ಲವರು ಇದನ್ನು ಓದಿದರೆ, ಸಂಗೀತವನ್ನು ಕಲಿಯುವುದಕ್ಕಾಗಿ ಆಕೆಯು ಬೇರೆ ಏನನ್ನೋ ಬಿಟ್ಟಳೆಂದು ತಿಳಿದಾರು, ಅರ್ಥವು ತಲೆಕೆಳಗಾಯಿತು. ‘ಗೇವ್ ಅಪ್ ಲರ್ನಿಂಗ್’ ಎಂಬುದೇ ಶುದ್ಧವಾದದ್ದು. ಕನ್ನಡದಲ್ಲಿ ನಾವು ‘ಕಲಿಯಲು ಬಿಟ್ಟಳು’ ಎನ್ನದೆ ‘ಕಲಿಯುವುದನ್ನು ಬಿಟ್ಟಳು’ ಎನ್ನುತ್ತೇವಷ್ಟೆ. ಆ ‘ಕಲಿಯುವುದು’ ಎಂಬುದನ್ನು ನೆನೆದುಕೊಂಡರೆ ‘ಲರ್ನಿಂಗ್’ ತಾನೇ ಬರುವುದು. ಎರಡನೆಯದು ಸರ್ವನಾಮದ ಸ್ಥಾನ. ‘ಗಿವ್ ಅಪ್ ದ ಹೌಸ್’ ಎಂದರೂ ಸರಿ, ‘ಗಿವ್ ದ ಹೌಸ್ ಅಪ್’ ಎಂದರೂ ಸರಿ; ಆದರೆ ‘ಗಿವ್ ಇಟ್ ಅಪ್’ ಎನ್ನಬೇಕೇ ಹೊರತು ‘ಗಿವ್ ಅಪ್ ಇಟ್’ ಎನ್ನಲಾಗದು.

ವಸ್ತುವನ್ನು ಬಿಡುವುದು ಒಂದು, ಮನುಷ್ಯರನ್ನು ಬಿಡುವುದು ಇನ್ನೊಂದು. ರೋಗಿಯನ್ನು ವೈದ್ಯರು ‘ಗಿವ್ ಅಪ್’ ಮಾಡಿದರೆಂದರೆ ಕೈಬಿಟ್ಟರೆಂದು ಅರ್ಥ. ‘ಆನ್’ ಎಂಬುದನ್ನು ಸೇರಿಸಿ ‘ಗಿವ್ ಅಪ್ ಆನ್ ಹರ್’ ಎಂದರೆ ಇವಳಿಂದ ಇನ್ನು ಏನೂ ಆಗದೆಂದು ನಂಬಿಕೆಯನ್ನೇ ಕಳೆದುಕೊಳ್ಳುವುದು. ಗಣಿತದಲ್ಲಿ ಹಿಂದುಳಿದ ಹುಡುಗಿಯ ವಿಷಯದಲ್ಲಿ ಈ ಮಾತನ್ನು ನಮ್ಮ ಅಧ್ಯಾಪಿಕೆಯರ ಕೊಠಡಿಯಲ್ಲಿ ಯಾರೂ ಆಡಕೂಡದೆಂಬುದು ನಮ್ಮ ಕಟ್ಟಳೆ. ಇನ್ನು 1611ರ ಇಂಗ್ಲಿಷ್ ಸತ್ಯವೇದದಲ್ಲಿ ಕ್ರಿಸ್ತನ ಮರಣವನ್ನು ಹೇಳುವಲ್ಲಿ ‘ಘೋಸ್ಟ್’ ಎಂಬುದರೊಡನೆ ಈ ಮಾತು ಬರುವುದು. ಮಕ್ಕಳು ದೆವ್ವವೆಂದು ತಿಳಿದು ಕಿಲಕಿಲನೆ ನಗುವುದುಂಟು. ಅಲ್ಲಿ ‘ಘೋಸ್ಟ್’ ಎಂದರೆ ಆತ್ಮ. ನಮ್ಮ ‘ಪ್ರಾಣಬಿಡು’ ಎಂಬುದಕ್ಕೆ ಅದು ಸರಿಸಮಾನವಾದ ಮಾತು. ಯೋಹಾನನ ಸುವಾರ್ತೆಯ ಗ್ರೀಕ್ ಮೂಲದಲ್ಲಿಯಂತೂ ಇರುವುದು ‘ಒಪ್ಪಿಸಿಕೊಡು’ ಎಂಬ ಅರ್ಥದ ಕ್ರಿಯಾಪದವೇ.

ಇಲ್ಲಿಯವರೆಗಿನ ಉದಾಹರಣೆಗಳಲ್ಲೆಲ್ಲಾ ಒಂದು ವಿಶೇಷವುಂಟು: ಹಿಡಿದ ಕೈ ಯಾವುದೋ ಬಿಟ್ಟ ಕೈಯೂ ಅದೇ. ಕಾಫಿಯನ್ನು ಬಿಟ್ಟವನು ಕುಡಿಯುತ್ತಿದ್ದವನು. ಸಿಂಹಾಸನವನ್ನು ಬಿಟ್ಟವನು ಅದರ ಮೇಲಿದ್ದವನು. ಕರ್ತೃವಿನ ಮನಸ್ಸಿಲ್ಲದೆ ಈ ಕ್ರಿಯೆಯು ನಡೆಯದು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ‘ನಮ್ಮ ಹುಡುಗಿಯು ವಿದ್ಯಾಭ್ಯಾಸವನ್ನು ಬಿಟ್ಟಿರುತ್ತಾಳೆ, ವರ್ಗಾವಣೆ ಪತ್ರವನ್ನು ದಯಪಾಲಿಸಬೇಕು’ ಎಂಬ ಪತ್ರಗಳು ಶಾಲೆಗೆ ಬರುವುದುಂಟು. ಕೆಲವು ಇಂಗ್ಲಿಷಿನಲ್ಲಿರುವುವು; ಅವುಗಳಲ್ಲಿ ‘ಹ್ಯಾಸ್ ಗಿವನ್ ಅಪ್ ಹರ್ ಸ್ಟಡೀಸ್’ ಎಂದಿರುವುದು. ವಾಕ್ಯದಲ್ಲಿ ದೋಷವಿಲ್ಲ. ಆದರೆ ಪತ್ರವನ್ನು ತಂದವರ ಹಿಂದೆ ನಿಂತ ಹುಡುಗಿಯ ಮುಖವನ್ನು ನೋಡಿದರೆ, ಆ ಕ್ರಿಯಾಪದಕ್ಕೆ ಅವಳು ಕರ್ತೃವಲ್ಲವೆಂಬುದು ತಿಳಿಯುವುದು.

ಕನ್ನಡದಲ್ಲಿ ಇದಕ್ಕೆ ‘ಸು’ ಎಂಬ ಒಂದೇ ಅಕ್ಷರವು ಸಾಕು. ಬಿಡು, ಬಿಡಿಸು. ಅವಳು ಬಿಟ್ಟಳು, ಅವಳನ್ನು ಬಿಡಿಸಿದರು. ಇಂಗ್ಲಿಷಿನಲ್ಲಿ ಅಂತಹ ಪ್ರತ್ಯಯವಿಲ್ಲದ್ದರಿಂದ ‘ವಾಸ್ ಮೇಡ್ ಟು ಗಿವ್ ಅಪ್’ ಎಂದೋ ‘ವಾಸ್ ಟೇಕನ್ ಔಟ್ ಆಫ್ ಸ್ಕೂಲ್’ ಎಂದೋ ಉದ್ದವಾಗಿ ಬರೆಯಬೇಕು. ಬಿಡಿಸಿದವರೆಲ್ಲರೂ ನಿರ್ದಯರೆಂದು ನಾವು ಹೇಳುತ್ತಿಲ್ಲ. ಹಾಸಿಗೆ ಹಿಡಿದ ಅಜ್ಜಿ, ತೊಟ್ಟಿಲಿನಲ್ಲಿರುವ ತಮ್ಮ, ದೂರದ ಬಸ್ಸಿನ ದಾರಿ, ಗೊತ್ತಾದ ಮದುವೆ, ಹೀಗೆ ಒಂದೊಂದು ಮನೆಯ ಕಷ್ಟ ಒಂದೊಂದು ಬಗೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಕಡ್ಡಾಯ ಶಿಕ್ಷಣವನ್ನು ಆರರಿಂದ ಹದಿನಾಲ್ಕು ವಯಸ್ಸಿನವರೆಗೆ ಮಾತ್ರ ವಿಧಿಸಿದೆ. ಪ್ರೌಢಶಾಲೆಯ ನಡುವಿನಲ್ಲಿಯೇ ಆ ಬೇಲಿಯು ಮುಗಿದುಹೋಗುವುದು. ಆಮೇಲೆ ಉಳಿಯುವುದು ಮನೆಯವರ ನಿರ್ಣಯವೊಂದೇ. ನಿರ್ಣಯವು ಮನೆಯವರದಾದರೆ ವಾಕ್ಯದ ಕರ್ತೃವೂ ಮನೆಯವರೇ ಆಗಿರಲಿ ಎಂದು ನಾವು ಬೇಡುವೆವು. ‘ಶಾಲೆಯನ್ನು ಬಿಟ್ಟ ಕಾರಣ’ ಎಂಬ ಅಂಕಣದ ಎದುರಿಗೆ ಪೋಷಕರು ‘ಅವಳ ಇಷ್ಟ’ ಎಂದರೆ, ನಾವು ಹುಡುಗಿಯನ್ನು ಒಳಕ್ಕೆ ಕರೆದು ಒಬ್ಬಳನ್ನೇ ಕೇಳಿದ ಮೇಲೆಯೇ ಬರೆಯುತ್ತೇವೆ. ಇದರಿಂದ ಕೆಲವರಿಗೆ ಬೇಸರವಾಗಿರುವುದೂ ಉಂಟು. ಮರುದಿನ ಅದೇ ಹುಡುಗಿಯು ಚೀಲವನ್ನು ಹೊತ್ತು ತರಗತಿಗೆ ಬಂದದ್ದೂ ಉಂಟು.

‘ಗಿವ್ ಅಪ್’ ಎಂಬುದಕ್ಕೆ ವಿರುದ್ಧವಾದ ಮಾತು ‘ಟೇಕ್ ಅಪ್’, ಕನ್ನಡದಲ್ಲಿ ‘ಕೈಗೆತ್ತಿಕೊಳ್ಳು’. ಇಲ್ಲಿ ಮಾತ್ರ ‘ಅಪ್’ ಎಂಬುದು ನಿಜವಾಗಿಯೂ ಮೇಲಕ್ಕೆತ್ತುವುದೇ. ಬಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳುವುದಕ್ಕೆ ‘ಟೇಕ್ ಅಪ್ ಅಗೇನ್’ ಎನ್ನುವರು. ಹತ್ತನೆಯ ತರಗತಿಯ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಕುಳಿತುಕೊಳ್ಳಲು ನಮ್ಮ ರಾಜ್ಯದಲ್ಲಿ ಅವಕಾಶವುಂಟು. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಿಗಾದರೂ ಅದಕ್ಕಾಗಿ ಹಿಂದಿನ ದಾಖಲೆಗಳು ಬೇಕಾದಲ್ಲಿ ಶಾಲೆಯ ಕಛೇರಿಯಲ್ಲಿ ಕೇಳಬಹುದು. ಮದುವೆಯ ಬಳಿಕ ಹೆಸರು ಬದಲಾಗಿದ್ದರೆ ತೌರುಮನೆಯ ಹೆಸರನ್ನೂ ಸೇರಿದ ವರ್ಷವನ್ನೂ ತಿಳಿಸಬೇಕು. ದಾಖಲಾತಿ ಪುಸ್ತಕದಲ್ಲಿ ಹುಡುಕುವುದಕ್ಕೆ ಅದರಿಂದ ಅನುಕೂಲವಾಗುವುದು.